ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದ ಸಂಜೆ

ಲಿಂಗಸುಗೂರಿನ ಬಸ್ ಸ್ಟ್ಯಾಂಡ್ ಎದುರು ಫೋಟೋ ಸ್ಟುಡಿಯೋ ಇಟ್ಟಿರುವ ಅಮರಗುಂಡಪ್ಪನಿಗೆ ಜನರನ್ನು ಹೇಳಿದಂತೆ ನಿಲ್ಲಿಸುವ ಹುಚ್ಚು. ಮದುವೆ ಮನೆಯಲ್ಲಿ ಅವನು ಕ್ಯಾಮೆರಾ ಹಿಡಿದನೆಂದರೆ ಎಂಥ ಬಿಗುಮಾನದ ಬೀಗರೂ ಬಗ್ಗಲೇಬೇಕು. "ಅಕ್ಕಾರ, ಗದ್ದ ಸ್ವಲ್ಪ ಮ್ಯಾಲ. ಕಾಕಾ, ಹೊಟ್ಟಿ ಒಳಗ. ನಗ್ರಿ, ಊಟಕ್ಕ ಇನ್ನ ಹೊತ್ತೈತಿ," ಎನ್ನುತ್ತಲೇ ಮೂರು ತಾಲೂಕಿನ ಮದುಮಕ್ಕಳನ್ನು ನಗಿಸಿದ ಮನುಷ್ಯ. ಅವನ ಮಾತಿಗೆ ಸೊಪ್ಪು ಹಾಕದಿದ್ದವು ಹಕ್ಕಿಗಳು ಮಾತ್ರ. ಅದಕ್ಕೇ ಅವುಗಳ ಹಿಂದೆ ಬಿದ್ದಾನೆ ಎಂದು ಹೆಂಡತಿ ಶಿವಕುಮಾರಿ ಆಡಿಕೊಳ್ಳುತ್ತಾಳೆ.

ಮಸ್ಕಿಯಿಂದ ಸಿಂಧನೂರಿಗೆ ಹೋಗುವಾಗ ಒಳದಾರಿಯಲ್ಲಿ ಜಾಲಿದಿನ್ನಿ ಎಂಬ ಊರು ಸಿಗುತ್ತದೆ. ಕಾಲುವೆಯ ನೀರು ಭತ್ತದ ಗದ್ದೆಗಳನ್ನೆಲ್ಲ ಸುತ್ತಿ ಕೊನೆಗೆ ಬಂದು ನಿಲ್ಲುವ ಕೆರೆ ಅಲ್ಲಿದೆ. ನೀರಿನ ನಡುವೆ ಜಾಲಿ ಮರಗಳು, ಮರದ ತುಂಬ ಬಣ್ಣದ ಕೊಕ್ಕರೆಗಳ ಗೂಡು. ಗೂಡಿನಲ್ಲಿ ಮರಿ ಇರುವಷ್ಟು ಕಾಲ ಆ ಊರಲ್ಲಿ ಹಲಗೆ ಬಾರಿಸುವುದಿಲ್ಲ, ಪಟಾಕಿ ಹಚ್ಚುವುದಿಲ್ಲ. ಮದುವೆಯ ದಿಬ್ಬಣ ಕೂಡ ಸಂತಾಪಕ್ಕೆ ಬಂದವರಂತೆ ಸದ್ದಿಲ್ಲದೆ ಬರುತ್ತದೆ. ಹೊರಗಿನವರು ನಗುತ್ತಾರೆ, ಊರವರು ನಕ್ಕರೆ ನಗಲಿ ಎಂದು ಬಿಟ್ಟಿದ್ದಾರೆ.

ಭಾನುವಾರ ಬಂತೆಂದರೆ ಅಮರಗುಂಡಪ್ಪ ಆ ಕೆರೆಯ ಒಡ್ಡಿನ ಮೇಲೆ. ಮೊದಮೊದಲು ಊರವರು ಸಂಶಯದಿಂದ ನೋಡಿದರು. ಒಡ್ಡಿನ ಕೆಳಗೇ ಹೊಲವಿದ್ದ ನರಸಣ್ಣ ಚಹಾ ತಂದುಕೊಟ್ಟ ಮೇಲೆ ಸಂಶಯ ಹೋಯಿತು. ಮರಿಗೆ ನೀರು ಕುಡಿಸುತ್ತಿದ್ದ ಕೊಕ್ಕರೆಯ ಫೋಟೋವನ್ನು ಅಮರಗುಂಡಪ್ಪ ಕಟ್ಟು ಹಾಕಿಸಿ ಊರ ಶಾಲೆಗೆ ಕೊಟ್ಟಾಗಿನಿಂದ ಎಲ್ಲರ ಬಾಯಲ್ಲೂ 'ನಮ್ಮ ಅಮರಗುಂಡಪ್ಪ' ಆಗಿಬಿಟ್ಟ. ಬೇರೆ ಯಾರಾದರೂ ಕ್ಯಾಮೆರಾ ಹಿಡಿದು ಬಂದರೆ, "ನಮ್ಮ ಅಮರಗುಂಡಪ್ಪನ್ನ ಕೇಳ್ರಿ, ಎಲ್ಲಿ ಕುಂದ್ರಬೇಕು ಹೇಳ್ತಾನ," ಎನ್ನುತ್ತಿದ್ದರು. ಆ 'ನಮ್ಮ' ಅವನಿಗೆ ಬಹಳ ರುಚಿ ಹತ್ತಿತ್ತು.

ಆದರೂ ಒಂದು ಆಸೆ ಒಳಗೇ ಕೊರೆಯುತ್ತಿತ್ತು. ಇಳಿಹೊತ್ತಿನ ಬೆಳಕಿನಲ್ಲಿ ಇಡೀ ಕೆರೆಯ ಕೊಕ್ಕರೆಗಳು ಒಮ್ಮೆಗೇ ಮೇಲೇಳುವ ಒಂದು ಫೋಟೋ ಬೇಕಿತ್ತು. ಅವು ಹಾಗೆ ಏಳುವುದಿಲ್ಲ. ಮರಿ ಸಣ್ಣದಿರುವಾಗ ಜೋಡಿಯಲ್ಲಿ ಒಂದು ಗೂಡು ಬಿಟ್ಟು ಕದಲುವುದಿಲ್ಲ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಅಮರಗುಂಡಪ್ಪನಿಗೂ ಗೊತ್ತಿತ್ತು, ಅದನ್ನು ಮರೆಯಬಾರದು.

ಈ ಬೇಸಿಗೆಯಲ್ಲಿ ನರಸಣ್ಣನ ಮಗಳು ಅಮರೇಶ್ವರಿಯ ಮದುವೆ ಗೊತ್ತಾಯಿತು. ಫೋಟೋಕ್ಕೆ ಬೇರೆಯವರನ್ನು ಕರೆಯುವ ಮಾತೇ ಇರಲಿಲ್ಲ. ಹಿಂದಿನ ದಿನ ಸಂಜೆ ಸಿಂಧನೂರಿನಿಂದ ಗಂಡಿನವರು ಬಂದಿಳಿದರು. ವರನ ಗೆಳೆಯ ವಿರೇಶ ಒಂದು ಚೀಲ ಪಟಾಕಿ ತಂದಿದ್ದ. "ಪಟಾಕಿ ಇಲ್ಲದ್ದು ಎಂಥಾ ಮದುವಿರೀ?" ಎಂದು ಅವನು ವಾದಕ್ಕೆ ನಿಂತಾಗ ನರಸಣ್ಣ ಕೈಮುಗಿದು, ಚೀಲ ಇಸಿದುಕೊಂಡು, ಒಳಗಿನ ಕೋಣೆಯಲ್ಲಿಟ್ಟ. ಅಮರಗುಂಡಪ್ಪನೇ ನಡುವೆ ಬಂದು ಹುಡುಗನಿಗೆ ಬುದ್ಧಿ ಹೇಳಿದ.

ಅಷ್ಟು ಬುದ್ಧಿ ಹೇಳಿದವನು ಹೊತ್ತು ಮುಳುಗುವ ಮುಂಚೆ ಒಡ್ಡಿಗೆ ಹೋದ. ಬೆಳಕು ಅವನು ವರ್ಷಗಟ್ಟಲೆ ಕಾದಂಥದೇ ಇತ್ತು. ಅವನ ಕ್ಯಾಮೆರಾ ಚೀಲದಲ್ಲಿ, ಮದುಮಕ್ಕಳ ತಲೆಯ ಮೇಲೆ ಬಣ್ಣದ ಕಾಗದದ ಚೂರು ಉದುರಿಸುವ ಪೇಪರ್ ಬ್ಲಾಸ್ಟ್ ಕೊಳವೆ ಇತ್ತು. ಬುಡ ತಿರುವಿದರೆ ಢಬ್ ಎನ್ನುತ್ತದೆ, ಅಷ್ಟೇ. ಇದೇನು ಪಟಾಕಿಯೇ, ಒಂದೇ ಸಲವಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೀಗರನ್ನು ಸರಿಸಿ ನಿಲ್ಲಿಸಿದಷ್ಟೇ ಸಲೀಸಾಗಿ ಬುಡ ತಿರುವಿದ.

ಕೆರೆಗೆ ಕೆರೆಯೇ ಎದ್ದಿತು. ಅವನು ಕ್ಲಿಕ್ಕಿಸುತ್ತಲೇ ಇದ್ದ. ರೆಕ್ಕೆಗಳ ಸದ್ದಿನ ನಡುವೆ ನೀರಿಗೆ ಏನೋ ಬೀಳುವ ಸದ್ದು ಕೇಳಿಸಿತು, ಮೀನಿರಬೇಕು ಅಂದುಕೊಂಡ. ಇನ್ನೊಂದು ಬಿತ್ತು, ಮತ್ತೊಂದು ಬಿತ್ತು. ಗಾಬರಿಬಿದ್ದು ಎದ್ದ ಹಕ್ಕಿಗಳ ಕಾಲಿಗೆ ಸಿಕ್ಕಿ ಮರಿಗಳು ಉದುರುತ್ತಿದ್ದವು. ಖಾಲಿ ಗೂಡುಗಳ ಮೇಲೆ ಹದ್ದುಗಳು ಸುತ್ತತೊಡಗಿದವು. ಅಮರಗುಂಡಪ್ಪ ಕೊಳವೆಯನ್ನು ಚೀಲದ ತಳಕ್ಕೆ ತುರುಕಿದ.

ಊರು ಓಡಿಬಂತು. ನರಸಣ್ಣ ನೆಟ್ಟಗೆ ವಿರೇಶನ ಕೊರಳಪಟ್ಟಿಗೆ ಕೈ ಹಾಕಿದ. "ಕೈಮುಗಿದು ಕೇಳಿದ್ನಲ್ಲಲೇ! ಒಂದು ಕಿಸೇದಾಗ ಇಟ್ಕೊಂಡಿದ್ದೇನು?"

"ನಮ್ಮವ್ವನ ಆಣಿರೀ, ನಾ ಹಚ್ಚಿಲ್ಲ!"

"ನಮ್ಮ ಅಮರಗುಂಡಪ್ಪ ಒಡ್ಡಿನ ಮ್ಯಾಲ ಇದ್ದ. ಅವನ್ನ ಕೇಳೂಣು. ಹೇಳಪಾ, ಯಾರನ್ನ ನೋಡಿದಿ?"

ಎಲ್ಲರ ಮುಖ ಇವನ ಕಡೆ ತಿರುಗಿತು. ನಾನೇ ಎಂಬ ಮಾತು ಗಂಟಲ ತನಕ ಬಂದಿತ್ತು. 'ನಮ್ಮ' ಎಂದ ನರಸಣ್ಣನ ಕಣ್ಣು ನೋಡಿದ ಮೇಲೆ ಅದು ಒಳಗೇ ಹೋಯಿತು.

"ನಾ ಹಕ್ಕಿ ನೋಡಾಕತ್ತಿದ್ದೆರೀ. ಯಾರಂತ ನೋಡ್ಲಿಲ್ಲ," ಎಂದ.

ವರನ ತಂದೆ ಮಾತು ಬೆಳೆಯುವುದು ಬೇಡ ಎಂದು ವಿರೇಶನ ಕತ್ತು ಬಗ್ಗಿಸಿ, ನರಸಣ್ಣನ ತಾಯಿ ಯಮನಮ್ಮನ ಕಾಲಿಗೆ ಬೀಳಿಸಿದರು. ಹುಡುಗ ಅತ್ತುಬಿಟ್ಟ. ಅಮರಗುಂಡಪ್ಪ ಕ್ಯಾಮೆರಾದ ಗಾಜು ಒರೆಸುತ್ತ ನಿಂತಿದ್ದ.

ಬೆಳಿಗ್ಗೆ ಅಕ್ಷತೆಗೆ ಮುಂಚೆ ಗಂಡಿನ ಕಡೆಯವರ ಫೋಟೋ. ವಿರೇಶ ಕೊನೆಯಲ್ಲಿ ಮುಖ ಇಳಿಬಿಟ್ಟು ನಿಂತಿದ್ದ. ರೂಢಿಬಲದಿಂದ ಅಮರಗುಂಡಪ್ಪನ ಬಾಯಿ ಆಡಿತು: "ತಮ್ಮಾ, ಸ್ವಲ್ಪ ನಗಪಾ." ಹುಡುಗ ಕಷ್ಟಪಟ್ಟು ನಕ್ಕ. ಆ ನಗು ನೋಡಿ ಇವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ಯಮನಮ್ಮ ಬುಟ್ಟಿ ಹಿಡಿದು ಬಂದಳು. ಬುಟ್ಟಿಯಲ್ಲಿ ಸತ್ತ ಮರಿ, ಒದ್ದೆ ಪುಕ್ಕಕ್ಕೆ ಮಿಂಚುವ ಕೆಂಪು ಕಾಗದದ ಚೂರು ಅಂಟಿತ್ತು. "ಇದರದೊಂದು ಫೋಟೋ ತೆಗಿಯಪ್ಪಾ. ಸಾಲ್ಯಾಗ ನಿನ್ನ ಕೊಕ್ಕರಿ ಬಾಜೂಕ ಹಾಕೂಣು. ನೋಡಿದವ್ರಿಗೆ ಬುದ್ಧಿ ಬರ್ಲಿ."

ಅಮರಗುಂಡಪ್ಪ ಕ್ಯಾಮೆರಾ ಎತ್ತಿದ. ಗಾಜಿನೊಳಗೆ ಆ ಕೆಂಪು ಚೂರು ಕಂಡದ್ದೇ ಕೆಳಗಿಳಿಸಿದ. "ಅವ್ವಾ, ಹುಡುಗಂದು ತಪ್ಪಿಲ್ಲ. ನಾನ ಹಾರಿಸೀನಿ. ಫೋಟೋದ ಆಸೇಕ," ಎಂದ. ಚಪ್ಪರದ ಕೊನೆಯವರೆಗೂ ಕೇಳಿಸಿತು.

ಯಮನಮ್ಮ ಬುಟ್ಟಿಯ ಮೇಲೆ ಸೆರಗು ಮುಚ್ಚಿದಳು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಅವನು ಕಾದ, ಹೊಡೆದಿದ್ದರೆ ಹಗುರಾಗುತ್ತಿದ್ದನೇನೋ. ಯಾರೂ ಕೈ ಎತ್ತಲಿಲ್ಲ. ಅವನೇ ವಿರೇಶನ ಮುಂದೆ ಹೋಗಿ ಕೈಮುಗಿದ. ಹುಡುಗ ಅವನ ಕೈ ಮುಟ್ಟಲಿಲ್ಲ.

"ಈಗಷ್ಟ ನಗು ಅಂದ್ರಿ," ಎಂದ ವಿರೇಶ. "ನಕ್ನೆಲ್ರೀ."

ಅಮರಗುಂಡಪ್ಪ ಚೀಲ ಎತ್ತಿಕೊಂಡು ಹೊರಡೋಣ ಎಂದು ತಿರುಗಿದ. ಆದರೆ ಅಕ್ಷತೆಯ ಹೊತ್ತಾಗಿತ್ತು, ಬೇರೆ ಕ್ಯಾಮೆರಾದವರು ಇರಲಿಲ್ಲ. ನರಸಣ್ಣ ಚಪ್ಪರದ ನಡುವಿನಿಂದ ಕೂಗಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಗುರುತಿಲ್ಲದ ಊರಿನಿಂದ ದುಡಿಯಲು ಬಂದವನನ್ನು ಕರೆಯುವಷ್ಟೇ ಮರ್ಯಾದೆ ಇತ್ತು.

"ಫೋಟೋದವ್ರ, ಮುಂದ ಬರ್ರಿ."