ವೋಲ್ವೋ ಆದಪ್ಪ
ಸಿಂಧನೂರಿನಲ್ಲಿ ಬರೀ ಆದಪ್ಪ ಎಂದರೆ ಯಾರಿಗೂ ತಿಳಿಯುವುದಿಲ್ಲ. ವೋಲ್ವೋ ಆದಪ್ಪ ಎಂದರೆ ಟಾಂಗಾದವನೂ ಮನೆ ತೋರಿಸುತ್ತಾನೆ. ಲಿಂಗಸುಗೂರಿನ ಕಡೆ ಗಣಿ ಕೆಲಸಕ್ಕೆ ಬಂದಿದ್ದ ಸ್ವೀಡನ್ ಎಂಜಿನಿಯರ್ ಒಬ್ಬ ಎಂಬತ್ತೇಳನೇ ಇಸವಿಯಲ್ಲಿ ತನ್ನ ದೇಶಕ್ಕೆ ಮರಳುವಾಗ, ಪೆಟ್ಟಿಗೆಯಂಥ ತನ್ನ ವೋಲ್ವೋ ಕಾರನ್ನು ಡ್ರೈವರ್ ಆದಪ್ಪನಿಗೇ ಕೊಟ್ಟು ಹೋದ. ಅಂದಿನಿಂದ ಒಳಗೆ ಕೂತವರು ಬೆಲ್ಟ್ ಬಿಗಿಯದ ಹೊರತು ಅದು ಕದಲಿದ್ದಿಲ್ಲ. ಮದುವೆ ಬಾಡಿಗೆಗೆ ಹೋದಾಗ ಮದುಮಗನ ಬಾಸಿಂಗ ಸೊಟ್ಟಾದರೂ ಸರಿ, ಬೆಲ್ಟ್ ನೆಟ್ಟಗಿರಬೇಕು. "ಈ ಬೆಲ್ಟ್ ಮಾಡಿದ ಕಂಪನಿಯವರು, ಎಲ್ಲಾರೂ ಬದುಕ್ಲಿ ಅಂತ ಉಳಿದ ಕಂಪನಿಗೂ ಪುಕ್ಕಟೆ ಬಿಟ್ಟುಕೊಟ್ಟಾರ. ಬರೇ ಕಟ್ಟಿಕೊಳ್ಳಾಕ ನಿಮಗೇನ್ರೀ ತ್ರಾಸು?" ಎನ್ನುತ್ತಾನೆ. "ನಾ ಏನು ಎಮ್ಮೇನಲೇ, ಕಟ್ಟಿ ಹಾಕಾಕ?" ಎಂದು ಅಕ್ಕ ಅಮರಮ್ಮ ಪ್ರತಿ ಸಲ ಗೊಣಗುತ್ತಾಳೆ, ಆತ ಎಂಜಿನ್ ಆರಿಸಿ, ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಾನೆ. ಹೋದ ವರ್ಷ ಇಬ್ಬರೂ ಮಸ್ಕಿಗೆ ಹೊರಟಾಗ ಟೈರು ಒಡೆದು ಕಾರು ಬೇವಿನ ಮರಕ್ಕೆ ಗುದ್ದಿತು. ಕಾರಿನ ಮೂತಿ ಚಪ್ಪಟೆಯಾಯಿತು, ಒಳಗಿದ್ದವರಿಗೆ ತರಚು ಗಾಯವೂ ಆಗಲಿಲ್ಲ. ಸಾವಿರ ಜನಕ್ಕೆ ಬೆಲ್ಟ್ ಕಟ್ಟಿಸಿದ ಆದಪ್ಪ ಮಾತ್ರ ಸ್ಟೀರಿಂಗನ್ನು ಎರಡೂ ಕೈಲಿ ಬಿಗಿಹಿಡಿದು ಕೂತುಬಿಟ್ಟ, ತನ್ನ ಬೆಲ್ಟ್ ಬಿಚ್ಚಲು ಆತನಿಗೆ ಆಗಲಿಲ್ಲ. ಅಮರಮ್ಮನೇ ಬಾಗಿ ಬೆಲ್ಟಿನ ಕೆಂಪು ಗುಂಡಿ ಒತ್ತಿ ಬಿಚ್ಚಿ, "ಅಂಜಬ್ಯಾಡ ತಮ್ಮಾ, ಇಬ್ಬರೂ ಅದೀವಿ," ಎಂದು ಆತನ ಬೆನ್ನು ಸವರಿದಳು.