ಸೋಪಿನ ಕಾಗದದ ಬೆಟ್ಟ

ನಮ್ಮ ಮನೆಯಲ್ಲಿ ಏನನ್ನೂ ಸುಮ್ಮನೆ ಎಸೆಯುವಂತಿಲ್ಲ. ಬಿಸ್ಕತ್ತಿನ ಪೊಟ್ಟಣ, ಅಕ್ಕಿ ಚೀಲದ ಮೇಲಿನ ಚಿತ್ರ, ಹಳೆ ಕ್ಯಾಲೆಂಡರು, ಮುಹೂರ್ತ ಮುಗಿದ ಮದುವೆ ಪತ್ರಿಕೆ ಎಲ್ಲವೂ ಮೊದಲು ನನ್ನ ಕೈಗೆ ಬರಬೇಕು. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬೇಕಾದ ಬಣ್ಣ ಇದ್ದಷ್ಟನ್ನು ಹರಿದುಕೊಂಡು, ಮಿಕ್ಕಿದ್ದನ್ನು ಕಸದ ಬುಟ್ಟಿಗೆ ಬಿಡುತ್ತೇನೆ. ನನ್ನ ಗಂಡ ಇದಕ್ಕೆ ಚೆಕ್‌ಪೋಸ್ಟ್ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಆ ಚೂರುಗಳನ್ನೆಲ್ಲ ರಟ್ಟಿನ ಮೇಲೆ ಅಂಟಿಸಿ, ನನಗೆ ಇಷ್ಟವಾದ ಜಾಗಗಳ ಚಿತ್ರ ಮಾಡುತ್ತೇನೆ. ಅದಕ್ಕೆ ಕೊಲಾಜ್ ಎನ್ನುತ್ತಾರೆಂದು ಗೊತ್ತಾದದ್ದು ಎಷ್ಟೋ ಚಿತ್ರ ಮಾಡಿದ ಮೇಲೆ.

ಈ ಹುಚ್ಚು ಹಿಡಿಸಿದವಳು ನನ್ನ ಗೆಳತಿ. ಬಳ್ಳಾರಿಯಲ್ಲಿ ನಾವಿಬ್ಬರೂ ಒಂದೇ ಓಣಿಯವರು. ನಾನು ಕಚೇರಿಯಲ್ಲಿ ಗುಮಾಸ್ತೆ, ಅವಳು ಶಾಲೆಯಲ್ಲಿ ಟೀಚರು. ನನ್ನ ತವರು ಸಿರುಗುಪ್ಪ, ಅವಳದು ಕುರುಗೋಡು. ಹಾಗಾಗಿ ಹಸಿರು ನನ್ನ ಪಾಲಿಗೆ ಬಂತು, ಕಲ್ಲು ಅವಳ ಪಾಲಿಗೆ. ನಾಟಿಯಾದ ವಾರದ ಭತ್ತದ ಹಸಿರು ಬೇರೆ, ತೆನೆ ಬರುವ ಮುಂಚಿನ ಹಸಿರು ಬೇರೆ, ಕಾಲುವೆಯ ಪಕ್ಕದಲ್ಲಿ ನೆರಳು ಬಿದ್ದ ಹಸಿರೇ ಬೇರೆ ಎಂದು ನಾನು ಅವಳಿಗೆ ತೋರಿಸಿದೆ. ಕುರುಗೋಡಿನ ಬಂಡೆಗಳು ಬೆಳಿಗ್ಗೆ ಬೂದಿ, ಮಧ್ಯಾಹ್ನ ಬಿಳುಚು, ಸಂಜೆ ಹೊತ್ತಿಗೆ ಈರುಳ್ಳಿ ಸಿಪ್ಪೆಯ ಒಳಮೈ ಎಂದು ಅವಳು ನನಗೆ ತೋರಿಸಿದಳು. ರಜೆಯ ದಿನ ಬಸ್ಸು ಹತ್ತಿ ಎಲ್ಲಾದರೂ ಹೋಗಿ, ನೆಲದ ಮೇಲೆ ಟವೆಲು ಹಾಸಿ ಕೂತು, ಚೂರುಗಳನ್ನು ಗದ್ದೆಗೂ ಗುಡ್ಡಕ್ಕೂ ಹಿಡಿದು ಹೋಲಿಸುತ್ತಿದ್ದೆವು. ದಾರಿಹೋಕರು ಬಟ್ಟೆ ವ್ಯಾಪಾರಕ್ಕೆ ಬಂದವರೆಂದುಕೊಂಡು ರೇಟು ಕೇಳಿದ್ದೂ ಉಂಟು.

ನಮ್ಮದು ಎರಡೇ ಕಟ್ಟಳೆ, ಎರಡೂ ಅವಳು ಮಾಡಿದ್ದು. ಒಂದು, ಬ್ರಷ್ಷು ಮುಟ್ಟಬಾರದು. ಬಣ್ಣ ತಾನಾಗಿ ಬಂದಿರಬೇಕು, ನಾವು ಬಳಿದಿರಬಾರದು. ಎರಡನೆಯದು, ಅಪರೂಪದ ಬಣ್ಣ ಯಾರಿಗೇ ಸಿಗಲಿ, ಎಲ್ಲಿ ಸಿಕ್ಕಿತೆಂದು ಹೇಳಬೇಕು, ಕಾಗದವನ್ನು ಸಮನಾಗಿ ಹರಿದು ಅರ್ಧ ಇನ್ನೊಬ್ಬಳಿಗೆ ಕೊಡಬೇಕು. ಜೀನ್ಸ್ ಹೊಲಿಯುವ ಓಣಿಯಲ್ಲಿ ನನಗೆ ಮಳೆಮೋಡದ ಬಣ್ಣದ ಬಟ್ಟೆ ಚೂರು ಸಿಕ್ಕಾಗ, ಅದು ಅಂಗೈಯಷ್ಟೂ ಇರಲಿಲ್ಲ, ಆದರೂ ಕತ್ತರಿಸಿ ಅರ್ಧ ಅವಳಿಗೆ ಕೊಟ್ಟೆ. ಅವಳು ಪಕ್ಕದ ಮನೆಯವರ ಸೀರೆ ಡಬ್ಬಿಯಿಂದ ಭತ್ತ ಮಾಗಿದ ಬಣ್ಣ ತಂದಾಗ ನನಗೂ ಅರ್ಧ ಬಂತು. ಹರಿಯುವುದು ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಒಬ್ಬಳೇ ಕೂತಿದ್ದಾಗಲೂ ಒಳ್ಳೆ ಬಣ್ಣ ಕಂಡರೆ ಕೈ ತಾನೇ ಎರಡು ಮಾಡುತ್ತಿತ್ತು.

ಕುರುಗೋಡು ಬೆಟ್ಟದ ಚಿತ್ರವನ್ನು ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. ಅವಳೊಂದು ರಟ್ಟು, ನಾನೊಂದು ರಟ್ಟು. ಕೆಳಗಿನ ಹೊಲ, ಮೆಣಸಿನಕಾಯಿ ಒಣಗಿಸಿದ ಕಣ, ಮೇಲಿನ ಆಕಾಶ ಎಲ್ಲ ಆಯಿತು. ಸಂಜೆಯ ಬಂಡೆಯ ಬಣ್ಣ ಮಾತ್ರ ಸಿಗಲೊಲ್ಲದು. ಕೆಂಪೆಂದರೆ ಕೆಂಪಲ್ಲ, ಕಂದೆಂದರೆ ಕಂದಲ್ಲ. ಇಬ್ಬರೂ ನಡುವೆ ಬಿಳಿ ಜಾಗ ಬಿಟ್ಟು ಎತ್ತಿಟ್ಟೆವು. ಒಂದು ದಿನ ಅವಳ ಮನೆಗೆ ಹೋದರೆ ಗೋಡೆಗೆ ಒರಗಿಸಿಟ್ಟ ಅವಳ ಚಿತ್ರದಲ್ಲಿ ಬೆಟ್ಟ ತುಂಬಿತ್ತು. ಗುಲಾಬಿಯೂ ಮಣ್ಣೂ ಕಲೆತ ಎಂಥ ಬಣ್ಣ ಅದು! ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಅಬ್ಬಾ, ಬೆಟ್ಟಾನೇ ತಂದಿಟ್ಟೀದಿಯಲ್ಲಲೇ! ಎಲ್ಲಿ ಸಿಕ್ತು ಇದು?” ಎಂದೆ.

“ಸೋಪಿನ ಕಾಗದ,” ಅಂದಳು. “ಈಗ ಆ ಸೋಪು ಬರಂಗಿಲ್ಲ, ನಿಂತುಹೋಗೇತಿ. ನಮ್ಮ ದೊಡ್ಡವ್ವನ ಟ್ರಂಕಿನ್ಯಾಗ ಇತ್ತು.”

“ನನ್ನ ಅರ್ಧ?”

“ಇದ್ದದ್ದೇ ಒಂದು. ಬೆಟ್ಟಕ್ಕೇ ಸರಿಹೋತು. ಹಳ್ಳಿ ಕಡಿ ಹೆಂಗಸರು ವಾಸನಿಗೆ ಅಂತ ಸೀರಿ ಮಡಿಕ್ಯಾಗ ಇಟ್ಟಿರ್ತಾರ ನೋಡು. ಹುಡುಕು, ಸಿಗತೈತಿ.”

ಅದು ನಿಜ ತಾನೆ. ನಮ್ಮ ಕಡೆ ಸೋಪು ಕರಗಿದರೂ ಅದರ ಕಾಗದ ಕರಗುವುದಿಲ್ಲ. ನಮ್ಮಮ್ಮನ ಟ್ರಂಕಿನಲ್ಲೂ ಸೀರೆಗೊಂದರಂತೆ ಇರುತ್ತಿದ್ದವು. ಹಾಗಾಗಿ ನನಗೆ ಅನುಮಾನದ ಎಳೆಯೂ ಬರಲಿಲ್ಲ. ಅರ್ಧ ಸಿಗಲಿಲ್ಲವಲ್ಲ ಎಂದು ಬೇಜಾರಾಯಿತು, ಅಷ್ಟೇ. ಅವಳ ಚಿತ್ರದ ಫೋಟೋ ತೆಗೆದುಕೊಂಡು ಫೋನಿನಲ್ಲಿಟ್ಟುಕೊಂಡೆ. ಅವತ್ತಿನಿಂದ ನನ್ನ ತಿರುಗಾಟ ಶುರುವಾಯಿತು.

ತವರಿಗೆ ಹೋದಾಗಲೆಲ್ಲ ಸಿರುಗುಪ್ಪದ ಹಳೇ ಕಿರಾಣಿ ಅಂಗಡಿಗಳ ಮೂಲೆ ಮೂಲೆ ನೋಡಿದೆ. ಒಬ್ಬ ಅಂಗಡಿಯವರು ನಾನು ಮೆಟ್ಟಿಲು ಹತ್ತುವ ಮುಂಚೆಯೇ “ಲೇದಮ್ಮಾ, ಆ ಸೋಪು ಇನ್ನೂ ಬಂದಿಲ್ರೀ” ಎಂದು ನಗುತ್ತಿದ್ದರು. ಕರೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಅವರ ಓಣಿಯಲ್ಲಿ ಯಾರ ಟ್ರಂಕು ನಾನು ತೆಗೆಸಲಿಲ್ಲ ಎಂದು ಕೇಳಿ! ಹೆಂಗಸರು ಮೊದಲು ನಗುತ್ತಿದ್ದರು, ಆಮೇಲೆ ಸೀರೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು, ಯಾವ ಸೀರೆ ಯಾವಾಗ ಬಂತೆಂದು ಹೇಳುತ್ತಿದ್ದರು. ನಾನು ಫೋನು ತೆಗೆದು ಅವಳ ಬೆಟ್ಟದ ಪಕ್ಕ ಕಾಗದ ಹಿಡಿದು “ಇದಲ್ಲ” ಎನ್ನುತ್ತಿದ್ದೆ.

ಹಚ್ಚೊಳ್ಳಿಯಲ್ಲಿ ಒಬ್ಬ ಮುದುಕಿ, ಚಿಕ್ಕಮ್ಮನ ಪರಿಚಯದವರು, ತಮ್ಮ ಧಾರೆ ಸೀರೆಯನ್ನೇ ಬಿಡಿಸಿದರು. ಒಳಗೆ ಒಂದು ಸೋಪಿನ ಕಾಗದ, ಮಡಿಕೆಯಲ್ಲಿ ಕೂತು ಕೂತು ಬಣ್ಣ ಇಳಿದದ್ದು. ಫೋನಿಗೆ ಹಿಡಿದೆ. ಅವಳ ಬೆಟ್ಟದಷ್ಟು ಗುಲಾಬಿ ಇರಲಿಲ್ಲ.

“ಇದಲ್ಲಬೇ,” ಎಂದೆ.

“ಅಲ್ಲದಿದ್ರೂ ತಗೊಂಡು ಹೋಗವ್ವಾ. ಇದಕ್ಕಂತ ಬಸ್ಸು ಹತ್ತಿ ಬಂದೀದಿ, ಬರಿಗೈಲೆ ಹೆಂಗ ಕಳಸಲಿ?” ಎಂದು ನನ್ನ ಚೀಲಕ್ಕೆ ತಾವೇ ಹಾಕಿದರು. ಊರಿಗೆ ಬಂದು ಅದನ್ನು ತಗಡಿನ ಡಬ್ಬಿಯ ತಳಕ್ಕೆ ಹಾಕಿ ಮರೆತೆ.

ಪ್ರತಿ ಸಲ ವಾಪಸು ಬಂದು ಗೆಳತಿಗೆ ವರದಿ ಒಪ್ಪಿಸುತ್ತಿದ್ದೆ. ಅವಳು ಒಗ್ಗರಣೆ ಮಂಡಕ್ಕಿ ಮುಂದಿಟ್ಟು ಕೇಳುತ್ತಿದ್ದಳು. “ದೇಶನೂರು ಕಡಿ ನೋಡಿದೇನು?” ಎಂದು ದಾರಿಯನ್ನೂ ತೋರಿಸುತ್ತಿದ್ದಳು. ಅಷ್ಟರಲ್ಲಿ ಅವಳ ಹೊಸ ಚಿತ್ರಗಳಲ್ಲೂ ಆ ಬಣ್ಣ ಕಾಣಿಸಿಕೊಂಡಿತು, ಒಂದರಲ್ಲಿ ಕೆರೆ ಏರಿ, ಇನ್ನೊಂದರಲ್ಲಿ ಬಳ್ಳಾರಿಯ ಗುಡ್ಡದ ಬೆನ್ನು. “ಇನ್ನೊಂದು ಚೂರು ಸಿಕ್ಕಿತ್ತು, ಬೆರಳಷ್ಟು” ಎನ್ನುತ್ತಿದ್ದಳು. ಶನಿವಾರ ಓಣಿಯ ಮಕ್ಕಳಿಗೆ ಅಂಟಿಸುವುದನ್ನು ಕಲಿಸುವಾಗ “ನಮ್ಮಲ್ಲಿ ಬ್ರಷ್ ಮುಟ್ಟಂಗಿಲ್ಲ, ತಿಳೀತಿಲ್ಲೋ?” ಎಂದು ಗದರುವುದನ್ನು ನಾನೇ ಕೇಳಿದ್ದೇನೆ. ನನ್ನ ಬೆಟ್ಟ ಮಾತ್ರ ವರ್ಷಗಟ್ಟಲೆ ಬೀರುವಿನ ಹಿಂದೆ ಬೋಳಾಗಿ ನಿಂತಿತ್ತು. ನನಗೆ ಕಣ್ಣಿಲ್ಲ, ಅದೃಷ್ಟವೂ ಇಲ್ಲ, ಅವಳೇ ನಿಜವಾದ ಕಲೆಗಾರ್ತಿ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ಹೊಟ್ಟೆಯುರಿಯೂ ಇತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಅವಳ ಬಗ್ಗೆ ಅಭಿಮಾನ ಅದಕ್ಕಿಂತ ಹೆಚ್ಚಿತ್ತು.

ಈ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಬಳ್ಳಾರಿಯ ಬಿಸಿಲು ಗೊತ್ತಲ್ಲ, ಓಣಿಯ ಆ ತುದಿಯಿಂದ ಈ ತುದಿಗೆ ಬರುವುದರೊಳಗೆ ತಲೆ ಸುಡುತ್ತದೆ. ಅವಳು ಫ್ರಿಜ್ಜಿನಿಂದ ತೆಗೆದ ಮಜ್ಜಿಗೆಯನ್ನು ಸ್ಟೀಲ್ ಲೋಟದಲ್ಲಿ ಕೊಟ್ಟಳು. ಮೇಜಿನ ಮೇಲೆ ಆ ಬೆಟ್ಟದ ಚಿತ್ರವೇ ಮಲಗಿತ್ತು, ಕಟ್ಟು ಹಾಕಿಸಲು ತೆಗೆದಿಟ್ಟಿದ್ದಳು. ಮಾತಿನ ಭರದಲ್ಲಿ ಲೋಟವನ್ನು ಅದರ ಮೇಲೆಯೇ ಇಟ್ಟುಬಿಟ್ಟೆ. ಎತ್ತಿದಾಗ ಬಂಡೆಯ ಮೇಲೆ ನೀರಿನ ಉಂಗುರ.

“ಅಯ್ಯೋ, ಹಾಳು ಮಾಡಿದ್ನಲ್ಲೇ!” ಎಂದು ಗಾಬರಿಯಾಗಿ ಸೆರಗಿನಿಂದ ಒತ್ತಿದೆ. ಅವತ್ತು ಬಿಳಿ ಅಂಚಿನ ಸೀರೆ ಉಟ್ಟಿದ್ದೆ. ಅಂಚಿನ ಮೇಲೆ ಬೆಟ್ಟದ ಬಣ್ಣ ಬಂತು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಇನ್ನೊಂದು ಸಲ ಕ್ಷಮೆ ಕೇಳಿದೆ ಕೂಡ! ಅವಳು “ಇರ್ಲಿ ಬಿಡು, ಇರ್ಲಿ” ಎಂದು ಚಿತ್ರವನ್ನು ಎಳೆದುಕೊಂಡಳು. ಎಳೆದುಕೊಂಡ ಅವಸರ ನೋಡಿ ನನಗೆ ಏನೋ ಹೊಳೆಯಿತು. ಅಚ್ಚಾದ ಸೋಪಿನ ಕಾಗದ ನೀರಿಗೆ ಬಣ್ಣ ಬಿಡುತ್ತದೆಯೇ? ಬಚ್ಚಲಲ್ಲಿ ಇರಲೆಂದೇ ಮಾಡಿದ ಕಾಗದ ಅದು. ಲೋಟದ ಹೊರಮೈಗೆ ಬೆರಳು ಒತ್ತಿ, ಅವಳ ಕೈಯಲ್ಲಿದ್ದ ಚಿತ್ರದ ಬಂಡೆಯ ಮೇಲೆ ಉಜ್ಜಿದೆ. ಬೆರಳು ಗುಲಾಬಿಯಾಯಿತು. ಕೆಳಗೆ ಬಿಳಿ ಹಾಳೆ ಕಂಡಿತು, ಮಕ್ಕಳ ಡ್ರಾಯಿಂಗ್ ಪುಸ್ತಕದ ಹಾಳೆ.

“ಇದು ಪೇಂಟು,” ಎಂದೆ.

“ಹೂಂ, ಪೇಂಟು. ಏನೀಗ?” ಅಂದಳು. “ಅವತ್ತೊಂದಿನ ಎಷ್ಟು ಹುಡುಕಿದ್ರೂ ಸಿಗಲಿಲ್ಲ, ಸಾಲ್ಯಾಗಿನ ಬಣ್ಣದ ಡಬ್ಬಿ ಇತ್ತು, ಹಚ್ಚಿದೆ. ನೀ ಬಂದು ಬಾಗಿಲದಾಗ ನಿಂತು ಅಷ್ಟು ಹೊಗಳಿದಿ. ಹೇಳಾಕ ಬಾಯಿ ಬರ್ಲಿಲ್ಲ.”

“ಮತ್ತ ಸೋಪಿನ ಕಾಗದ?”

“ನೀ ಕೇಳಿದಿ, ಬಾಯಿಗೆ ಬಂತು, ಹೇಳಿದೆ.”

“ನಾ ಊರೂರು ಅಲೆಯಾಕ ಹತ್ತಿದ್ನಲ್ಲ, ಆಗ? ದೇಶನೂರು ನೋಡು ಅಂತ ಕಳಿಸಿದ್ಯಲ್ಲ, ಆಗ?”

ಅವಳು ಚಿತ್ರವನ್ನು ತಿರುಗಿಸಿ ಗೋಡೆಗೆ ಒರಗಿಸಿದಳು. “ನಿನಗೂ ತಿರುಗಾಡೋದು ಅಂದ್ರ ಖುಷಿ ಅಲ್ಲೇನು? ಬರೇ ಒಂದು ಬಣ್ಣಕ್ಕ ಇಷ್ಟು ರಾದ್ಧಾಂತ ಯಾಕ? ನೋಡಿದವರು ಯಾರು ಕೇಳತಾರ, ಹಚ್ಚಿದ್ದೋ ಅಂಟಿಸಿದ್ದೋ ಅಂತ?”

ನನಗೆ ಸಿಟ್ಟು ಬೇಗ ಬರುತ್ತದೆ, ಬಂದಾಗ ಬಾಯಿಯೂ ಬರುತ್ತದೆ. ಅವತ್ತು ಮಾತ್ರ ಮಜ್ಜಿಗೆ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಓಣಿಯ ಬಿಸಿಲಲ್ಲಿ ನಡೆಯುವಾಗ ಒಬ್ಬೊಬ್ಬರೇ ನೆನಪಾದರು. “ಲೇದಮ್ಮಾ” ಎಂದ ಅಂಗಡಿಯವರು, ಸೀರೆ ಬಿಡಿಸಿದ ಕರೂರಿನ ಹೆಂಗಸರು, ಧಾರೆ ಸೀರೆಯನ್ನೇ ಬಿಡಿಸಿದ ಹಚ್ಚೊಳ್ಳಿಯ ಮುದುಕಿ. ಇವಳು ಟೋಪಿ ಹಾಕಿದ್ದು ನನಗೊಬ್ಬಳಿಗೇ ಅಲ್ಲ, ನನ್ನ ಕೈಯಿಂದ ಅವರಿಗೆಲ್ಲ ಹಾಕಿಸಿದ್ದಳು. ಬಣ್ಣ ಹಚ್ಚಿದ್ದನ್ನು ಎಂದೋ ಮರೆಯುತ್ತಿದ್ದೆ. ನಾನೇ ಹಚ್ಚಲು ಬಿಡುತ್ತಿದ್ದೆನೇನೋ. ಆದರೆ ನಾನು ಬಸ್ಸಿಳಿದು ಧೂಳು ಕೊಡವಿಕೊಂಡು ಬಂದು ಹೇಳಿದ ಕಥೆಗಳನ್ನು, ಅವಳು ಮಂಡಕ್ಕಿ ಮೆಲ್ಲುತ್ತ, ಎಲ್ಲ ಗೊತ್ತಿದ್ದೂ ಕೇಳುತ್ತಿದ್ದಳಲ್ಲ, ಅದನ್ನು ಹೇಗೆ ಮರೆಯುವುದು? ಆ ಸಂಜೆ ಸೆರಗನ್ನು ಸೋಪು ಹಾಕಿ ತಿಕ್ಕಿದೆ. ಕಲೆ ಒಂದೇ ಸಲಕ್ಕೆ ಹೋಯಿತು, ಅದಕ್ಕೂ ಅಳು ಬಂತು.

ಅವಳು ಫೋನು ಮಾಡಿದಳು, ನಾನು ಎತ್ತಲಿಲ್ಲ. ತಪ್ಪಾಯಿತು ಎಂದಿದ್ದರೆ ಸಾಕಿತ್ತು. ಅವಳು ಕಳಿಸಿದ ಮೆಸೇಜು “ಇನ್ನೂ ಸಿಟ್ಟು ಇಳೀಲಿಲ್ಲೇನು?” ಎಂದು. ಸಿಟ್ಟೇ ನನ್ನ ತಪ್ಪು ಎಂಬ ಹಾಗೆ!

ಮಳೆಗಾಲ ಹತ್ತಿರ ಬಂದಾಗ ಒಂದು ಭಾನುವಾರ ಒಬ್ಬಳೇ ಕುರುಗೋಡಿಗೆ ಹೋದೆ. ಬೋಳು ಬೆಟ್ಟದ ರಟ್ಟು, ತಗಡಿನ ಡಬ್ಬಿ, ಮೈದಾ ಅಂಟು ಚೀಲದಲ್ಲಿದ್ದವು. ಗಂಡ “ಇಬ್ಬರೂ ಹೊರಟಿರೇನು?” ಎಂದು ಕೇಳಿದ್ದಕ್ಕೆ ರೇಗಿದೆ. ನಾವು ಯಾವಾಗಲೂ ಕೂರುತ್ತಿದ್ದ ಹೊಲದ ಬದುವಿನ ಮೇಲೆಯೇ ಟವೆಲು ಹಾಸಿ ಕೂತೆ. ಅವಳ ತವರು ಅಲ್ಲಿಂದ ಕಾಣುತ್ತದೆ, ಆ ಕಡೆ ಬೆನ್ನು ಹಾಕಿದೆ.

ಹೊತ್ತು ಇಳಿಯಿತು. ಬಂಡೆಗಳು ಬಣ್ಣ ಬದಲಿಸಿದವು. ಫೋನು ತೆಗೆದು ಅವಳ ಚಿತ್ರವನ್ನು ಬೆಟ್ಟದ ಪಕ್ಕಕ್ಕೆ ಹಿಡಿದೆ. ಈ ಕೆಲಸವನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ಮಾಡಿರಲಿಲ್ಲ. ಎರಡೂ ಬೇರೆ ಬೇರೆ! ಅವಳದು ಹಬ್ಬದ ಮಿಠಾಯಿಯ ಗುಲಾಬಿ. ಬೆಟ್ಟದ್ದು ಇಳಿದ ಬಣ್ಣ, ತೊಳೆದು ತೊಳೆದು ಮೆತ್ತಗಾದ ಬಟ್ಟೆಯದು. ನಾನು ಬೆಟ್ಟಕ್ಕೆ ಕಾಗದ ಹುಡುಕಿರಲಿಲ್ಲ, ಅವಳ ಪೇಂಟಿಗೆ ಹುಡುಕಿದ್ದೆ. ನನ್ನ ಕಣ್ಣೆದುರಿಗಿದ್ದ ಬೆಟ್ಟವನ್ನೇ ಅವಳು ತೆಗೆದುಕೊಂಡು ಹೋಗಿದ್ದಳು.

ಡಬ್ಬಿ ಬಗ್ಗಿಸಿದೆ. ತಳದಲ್ಲಿದ್ದ ಹಚ್ಚೊಳ್ಳಿಯ ಕಾಗದ ಎಲ್ಲದರ ಮೇಲೆ ಬಿತ್ತು. ಎತ್ತಿ ಬಂಡೆಗೆ ಹಿಡಿದೆ. ಎಲ್ಲಿ ಕಾಗದ ಮುಗಿಯಿತು, ಎಲ್ಲಿ ಕಲ್ಲು ಶುರುವಾಯಿತು ಗೊತ್ತಾಗಲಿಲ್ಲ. ಇನ್ನೂ ಸೋಪಿನ ವಾಸನೆ ಇತ್ತು. ಆ ಮುದುಕಿಗೆ ನಾನು “ಇದಲ್ಲ” ಎಂದಿದ್ದೆ.

ಬೆಳಕು ಹೋಗುವುದರೊಳಗೆ ಅಂಟಿಸಬೇಕೆಂದು ಅವಸರದಲ್ಲಿ ಮೈದಾ ಹಚ್ಚಿ, ಕಾಗದಕ್ಕೆ ಕೈ ಹಾಕಿದೆ. ನೋಡುತ್ತೇನೆ, ಕೈ ಆಗಲೇ ಅದನ್ನು ಸಮನಾಗಿ ಎರಡು ಮಾಡಿತ್ತು. ಒಂದು ಅರ್ಧ ನನ್ನ ತೊಡೆಯ ಮೇಲೆ, ಇನ್ನೊಂದು ಟವೆಲಿನ ಆ ಪಕ್ಕ, ಅವಳು ಕೂರುತ್ತಿದ್ದ ಜಾಗದಲ್ಲಿ.

ಅದು ಅವಳ ಅರ್ಧ. ತಗೊಂಡು ಹೋಗಿ ಅವಳ ಮೇಜಿನ ಮೇಲೆ ಇಟ್ಟು ಬರಬೇಕು ಎನಿಸಿತು. ಇಟ್ಟರೆ ಅವಳು ನಗುತ್ತ ಅಂಟಿಸಿಕೊಳ್ಳುತ್ತಾಳೆ, ಏನೂ ಆಗಿಲ್ಲವೆಂಬಂತೆ ಮಂಡಕ್ಕಿ ಮುಂದಿಡುತ್ತಾಳೆ. ಅದು ನನಗೆ ಚೆನ್ನಾಗಿ ಗೊತ್ತು. ಮೊದಲ ಅರ್ಧವನ್ನು ಬೆಟ್ಟದ ಮೇಲೆ ಅಂಟಿಸಿದೆ. ಆಮೇಲೆ ಅವಳ ಅರ್ಧವನ್ನು ಎತ್ತಿಕೊಂಡು, ಅದರ ಪಕ್ಕದಲ್ಲೇ ಅಂಟಿಸಿದೆ. ನಡುವೆ ಹರಿದ ಗೆರೆ ಈಗಲೂ ಕಾಣುತ್ತದೆ. ಕಾಣಲಿ.