ಹೇಳಿ ಬರುವ ಸದ್ದು

ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವ ಮೊದಲು ಘೋಷಣೆಯಾಗುತ್ತದೆ. "ಮಿಕ್ಸಿ ಹಾಕ್ತಿದೀನಿ, ಕಿವಿ ಮುಚ್ಕೋ." ಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ಹಾಕು" ಎಂದು ಅಪ್ಪಣೆ ಕೊಟ್ಟ ಮೇಲೆಯೇ ಚಟ್ನಿ. ಅವಳಿಗೆ ಏಳು ವರ್ಷ, ಆಟಿಸಂ ಇದೆ. ಸದ್ದು ಹೇಳದೆ ಕೇಳದೆ ಬಂದರೆ ಕಿರುಚುತ್ತಾಳೆ. ಶುರುವಾದರೆ ನಿಲ್ಲಿಸುವುದು ಅವಳ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಆ ಕಿರುಚಾಟ ಯಾವಾಗ ಬರುತ್ತದೆಂದು ಮೊದಲೇ ಗೊತ್ತಾದರೆ ಸಾಕು, ಬೇರೇನೂ ಬೇಡ ಅನ್ನುವ ಸ್ಥಿತಿಗೆ ನಾನು ಬಂದಿದ್ದೆ.

ಕುಕ್ಕರಿಗೂ ಇದೇ ಕಾನೂನು. ನಮ್ಮತ್ತೆ ಮೊದಮೊದಲು, "ನಮ್ ಕಾಲ್ದಲ್ಲಿ ಕುಕ್ಕರ್ ತಾನೇ ಕೂಗ್ತಿತ್ತು, ಅದಕ್ಕಿಂತ ಮುಂಚೆ ನಾವ್ ಕೂಗ್ತಿರ್ಲಿಲ್ಲ" ಎಂದು ಮೂತಿ ತಿರುವಿದ್ದರು. ಈಗ ಸೀನುವ ಮೊದಲೂ ತಿಳಿಸುತ್ತಾರೆ. ಎಷ್ಟೋ ಸಲ ತಿಳಿಸುವಷ್ಟರಲ್ಲಿ ಸೀನು ಹೊರಟುಹೋಗಿರುತ್ತದೆ. ವಿದ್ಯಾರಣ್ಯಪುರದ ಈ ಮನೆಯ ಮೇಲ್ಮಹಡಿಯವರು ಗೋಡೆ ಕೊರೆಯುವ ಮುನ್ನ ಫೋನ್ ಮಾಡುತ್ತಾರೆ. "ಮೇಡಂ, ಡ್ರಿಲ್ಲಿಂಗ್ ಇದೆ, ಪಾಪುಗೆ ಹೇಳ್ಬಿಡಿ." ನಮ್ಮ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸುವ ಅವರ ಮೇಲಿದ್ದ ಸಿಟ್ಟನ್ನು ನಾನು ಆ ಒಂದು ಫೋನಿಗಾಗಿಯೇ ಬಿಟ್ಟುಬಿಟ್ಟೆ.

ಹೇಳದೆ ಬರುವವು ಯಲಹಂಕದ ಕಡೆಯ ಯುದ್ಧವಿಮಾನಗಳು ಮಾತ್ರ. ವೈಮಾನಿಕ ಪ್ರದರ್ಶನದ ತಾಲೀಮಿನ ದಿನಗಳಲ್ಲಿ ಅವು ನಮ್ಮ ನೀರಿನ ಟ್ಯಾಂಕಿಗೆ ತಾಗುವ ಹಾಗೆ ಹಾರುತ್ತವೆ, ಬೀದಿಯವರೆಲ್ಲ ಟೆರೇಸ್ ಹತ್ತಿ ಚಪ್ಪಾಳೆ ತಟ್ಟುತ್ತಾರೆ. ಹಾಗೆ ಒಂದು ಮಧ್ಯಾಹ್ನ ಒಂದು ವಿಮಾನ ಬಂತು. ಮಗಳು ಮಂಚದ ಕೆಳಗೆ ಸೇರಿ ಗಂಟಲು ಕಟ್ಟುವವರೆಗೆ ಕಿರುಚಿದಳು. ನಾನೂ ಅಲ್ಲೇ ಹೋಗಿ ಮಲಗಿದೆ. ಮಾಡಲು ಏನೂ ಇರಲಿಲ್ಲ, ಗುಡಿಸದ ಧೂಳು ನೋಡುತ್ತಿದ್ದೆ. ಚಪ್ಪಾಳೆ ತಟ್ಟುವವರೆಲ್ಲರ ಮೇಲೆ ಕೆಟ್ಟ ಕೋಪ ಬಂದಿತ್ತು.

ಸುಮ್ಮನಾದ ಮೇಲೆ ಅವಳು ಕೇಳಿದಳು. "ಯಾಕಮ್ಮ ಹೇಳ್ಲಿಲ್ಲ?"

"ನಂಗೂ ಯಾರೂ ಹೇಳ್ಲಿಲ್ಲ ಪುಟ್ಟಿ."

ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಅವಳಿಗೆ ನಾನು ಪಾಪ ಅನ್ನಿಸಿರಬೇಕು.

ಮರುದಿನ ಬೆಳಿಗ್ಗೆ ಕಾವಲಿಯಿಂದ ಎತ್ತುವಾಗ ಅವಳ ದೋಸೆ ಹರಿಯಿತು. ಹರಿದ ದೋಸೆ ಅವಳ ಲೆಕ್ಕದಲ್ಲಿ ದೋಸೆಯೇ ಅಲ್ಲ. ಇನ್ನೇನು ಕಿರುಚಾಟ ಶುರುವಾಗುತ್ತದೆಂದು ನಾನು ಕಾದು ನಿಂತೆ. ಅವಳು ತಟ್ಟೆ ಕೆಳಗಿಟ್ಟು ಹತ್ತಿರ ಬಂದಳು.

"ಅಮ್ಮ, ಕಿರುಚ್ತೀನಿ. ಕಿವಿ ಮುಚ್ಕೋ."

ನಾನು ಸ್ಟವ್ ಆರಿಸಿ, ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡೆ. ಹಾಲ್‌ನಲ್ಲಿ ಅತ್ತೆಯೂ ಪೇಪರ್ ಪಕ್ಕಕ್ಕಿಟ್ಟು ಮುಚ್ಚಿಕೊಂಡರು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವಳು ಇನ್ನೂ ಕಿರುಚದೆ, ಕೈ ಬಿಗಿದುಕೊಂಡು, ಅಪ್ಪಣೆಗೆ ಕಾಯುತ್ತಿದ್ದಳು.

"ಕಿರುಚು" ಎಂದೆ.